ಅಳತೆಗೆ ತಕ್ಕ ಗ್ಯಾರೇಜು

ಹೊಸ ಗ್ಯಾರೇಜಿನೊಳಗೆ ನಗರಸಭೆಯ ಎಂಜಿನಿಯರ್ ಸಾಹೇಬರು ಕಾರು ತಂದು ನಿಲ್ಲಿಸಿದರೆ, ಅದರ ಬಾಗಿಲು ನಾಲ್ಕು ಬೆರಳಿಗಿಂತ ಹೆಚ್ಚು ತೆರೆಯಲೊಲ್ಲದು. ಆಚೆ ಕಡೆಯದೂ ಅಷ್ಟೇ. ಬೇಲಿಯಿಂದ ಮೂರಡಿ ಬಿಡಬೇಕೆಂಬ ನಿಯಮ ಹಿಡಿದು ಊರವರ ಗೋಡೆ ಒಡೆಸಿದ್ದವರು ತಮ್ಮ ಮನೆಗೂ ಕೂದಲೆಳೆಯಷ್ಟು ರಿಯಾಯಿತಿ ಕೊಟ್ಟಿರಲಿಲ್ಲ. ಉಳಿದ ಜಾಗದಲ್ಲಿ ಎದ್ದ ಗ್ಯಾರೇಜು ಕಾರಿಗೆ ಸರಿಹೋಗಿತ್ತು, ಸಾಹೇಬರಿಗಲ್ಲ.

ಹೆಂಡತಿ ನಗು ತಡೆಯಲಾರದೆ ಡಿಕ್ಕಿ ತೆರೆದರು. ಸಾಹೇಬರು ಸೀಟು ದಾಟಿ ಅಂಬೆಗಾಲಿಡುತ್ತ ಬಂದರು.

"ಸಾರ್, ನಾವು ಅಂಗಿ ಹೊಲಿಯೋವಾಗ ಒಳಗಿರೋ ಮನುಷ್ಯ ಉಸಿರಾಡ್ಲಿ ಅಂತ ಎರಡಂಗುಲ ಜಾಸ್ತಿ ಬಿಡ್ತೀವಿ" ಎಂದ ಬೇಲಿಯಾಚೆಯಿಂದ ಪಕ್ಕದ ಮನೆಯ ದರ್ಜಿ. ಕಳೆದ ವರ್ಷ ಗೋಡೆ ಕಳೆದುಕೊಂಡವನು ಅವನೇ.

ಸಾಹೇಬರು ಡಿಕ್ಕಿಯಲ್ಲೇ ಕೂತು, ಇದುವರೆಗೆ ಯಾರ ಕೈಗೂ ಕೊಡದ ತಮ್ಮ ಟೇಪನ್ನು ಜೇಬಿನಿಂದ ತೆಗೆದು ಅವನತ್ತ ಚಾಚಿದರು.

"ಹಿಡಿಯಯ್ಯ, ಈ ಸಲ ಅಳತೆ ನೀನೇ ತಗೋ."