ಹತ್ತಿ ಮೇಲಿನ ಹುಳ

"ನೋಡಿ ಅಜ್ಜಿ, ಇಲ್ಲಿ ಕಪ್ಪು ಗೆರೆ ಕಾಣ್ತದಾ? ಹಲ್ಲಿಗೆ ತುಂಬಿರೋದರ ಕೆಳಗೆ ಹುಳುಕು ಹಾಗೇ ಉಳಿದುಬಿಟ್ಟಿದೆ."

ದಂತವೈದ್ಯೆ ಕಾಂಚನಾ ಕಂಪ್ಯೂಟರಿನ ಎಕ್ಸ್‌ರೇ ಮೇಲೆ ಬೆರಳಿಟ್ಟಳು. ಕುರ್ಚಿಯಲ್ಲಿ ಒರಗಿದ್ದ ಬಿ.ಜಿ. ಕೆರೆ ಊರಿನ ಬೋರಕ್ಕ ಕತ್ತು ಚಾಚಿ ನೋಡಿದಳು. ಆಕೆ ಬಂದದ್ದು ಈ ಹಲ್ಲಿಗಲ್ಲ, ಪಕ್ಕದ ಹಲ್ಲು ಜುಮ್ಮೆನ್ನುತ್ತದೆ ಎಂದು. ಅದೂ ರಸ್ತೆಯ ಎದುರಿನ ಹಲ್ಲಿನ ಡಾಕ್ಟರ್ ಶಕೀಲ್ ಶುಕ್ರವಾರದ ನಮಾಜಿಗೆ ಕ್ಲಿನಿಕ್ ಮುಚ್ಚಿ ಹೋಗಿದ್ದರು ಎಂದು. ಕಾಂಚನಾ ಚಳ್ಳಕೆರೆಯಲ್ಲಿ ಬೋರ್ಡು ಹಾಕಿ ಇನ್ನೂ ವರ್ಷವಾಗಿರಲಿಲ್ಲ. ತಾಲ್ಲೂಕಿನ ಅರ್ಧ ಬಾಯಿಗಳು ಶಕೀಲರ ಕೈಯಲ್ಲೇ ಇದ್ದವು. ಹಾಗಾಗಿ ಆ ಕಪ್ಪು ಗೆರೆ ಕಂಡಾಗ ಅವಳಿಗೆ ಒಳಗೊಳಗೇ ಖುಷಿಯಾಗಿತ್ತು.

"ಹೋದ ವರ್ಷ ಶಕೀಲ್ ಸಾಬ್ರೇ ತುಂಬಿದ್ದು ಕಣವ್ವ." ಬೋರಕ್ಕನ ಮುಖ ಸಪ್ಪಗಾಯಿತು. "ಊರಿಗೂರನ್ನೇ ಅವರತ್ರ ಕಳಿಸೀನಿ. ಅವರೂ ಹಿಂಗ್ ಮಾಡೋದಾ?"

"ನಾನೇನೂ ಹೇಳಲ್ಲ ಅಜ್ಜಿ. ಎಕ್ಸ್‌ರೇ ಸುಳ್ಳು ಹೇಳಲ್ಲ, ಅಷ್ಟೇ."

"ಹಂಗಾರೆ ತೆಗೆದುಬಿಡ್ರಿ. ಆದ್ರೆ ಬಂದಿದ್ದನ್ನ ನನಗೆ ತೋರ್ಸಬೇಕು. ನಮ್ಮೂರಿಗೆ ಹಲ್ಲಿನ ಹುಳ ತೆಗೆಯೋ ಆಯಮ್ಮ ಬರ್ತಾಳೆ. ನೆಲಗುಳ್ಳದ ಗಿಡದ ಬೀಜ ಸುಟ್ಟು ಹೊಗೆ ಹಾಕಿ, ಹುಳನ ಹತ್ತಿ ಮೇಲಿಟ್ಟು ತೋರಿಸ್ತಾಳೆ."

ಕಾಂಚನಾಗೆ ನಗು ತಡೆಯಲಾಗಲಿಲ್ಲ. "ಹಲ್ಲಲ್ಲಿ ಹುಳ ಎಲ್ಲಿ ಬರ್ತದೆ ಅಜ್ಜಿ? ಆ ಗುಳ್ಳದ ಬೀಜವನ್ನೇ ಹುಳ ಅಂತ ತೋರಿಸಿ ಕಣ್ಣಿಗೆ ಮಣ್ಣೆರಚಿ ಹೋಗ್ತಾಳೆ."

ತುಂಬಿದ್ದು ಸುಲಭಕ್ಕೆ ಬರಲಿಲ್ಲ. ಶಕೀಲರ ಕೆಲಸ ಗಟ್ಟಿ. ಕೊರೆದು ಕೊರೆದು ಕೊನೆಯ ಚೂರು ಎದ್ದಾಗ ಅದರ ಅಡಿಗೆ ಹಳದಿ ಅಂಟಿನ ಒಂದು ಪದರ ಹತ್ತಿಕೊಂಡಿತ್ತು. ಅದರ ಕೆಳಗಿನ ಹಲ್ಲನ್ನು ಕಾಂಚನಾ ಸೂಜಿಮೊನೆಯಿಂದ ಕೆದಕಿದಳು. ಟಕ್ ಟಕ್ ಎಂದಿತು. ಇನ್ನೊಂದು ಮೂಲೆಯಲ್ಲಿ ಕೆದಕಿದಳು. ಅಲ್ಲೂ ಟಕ್ ಟಕ್. ಕಲ್ಲಿನಂಥ ಹಲ್ಲು, ಸಾಸಿವೆ ಕಾಳಿನಷ್ಟೂ ಹುಳುಕಿಲ್ಲ.

ಕಾಲೇಜಿನ ಪಾಠ ಆಗ ನೆನಪಾಯಿತು. ಹಲ್ಲಿಗೆ ಹಾಕುವ ಅಂಟುಗಳೆಲ್ಲ ಒಂದೇ ಅಲ್ಲ. ಕೆಲವು ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತವೆ, ಕೆಲವು ಕಾಣುವುದೇ ಇಲ್ಲ. ಕಾಣದ ಅಂಟು ತುಸು ದಪ್ಪಗೆ ನಿಂತರೆ ಅಲ್ಲೊಂದು ಕಪ್ಪು ಗೆರೆ, ಥೇಟ್ ಹುಳುಕಿನ ಹಾಗೇ. ಅರ್ಧ ಗಂಟೆ ಕಾದು ರಸ್ತೆ ದಾಟಿ, "ಯಾವ ಅಂಟು ಹಾಕಿದ್ರಿ ಸರ್?" ಎಂದು ಕೇಳಿದ್ದರೆ ಮುಗಿದಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ. ಆದರೆ ಇದು ಬರೀ ಆತುರವೂ ಅಲ್ಲ, ಹುಳುಕು ಇರಲಿ ಎಂದೇ ಅವಳು ಆಸೆಪಟ್ಟಿದ್ದಳು. ನಾಚಿಕೆಯಿಂದ ಮಾಸ್ಕಿನೊಳಗೆ ಮುಖ ಕಾದುಹೋಯಿತು.

"ಸಿಕ್ತೇನವ್ವ?" ಬೋರಕ್ಕ ತೆರೆದ ಬಾಯಲ್ಲೇ ಕೇಳಿದಳು.

ಇಲ್ಲ ಅಜ್ಜಿ, ತಪ್ಪು ನನ್ನದು, ಹಲ್ಲು ಚೆನ್ನಾಗೇ ಇತ್ತು. ಇಷ್ಟು ಹೇಳಬೇಕಿತ್ತು. ಆದರೆ ಕೈ ತನ್ನಷ್ಟಕ್ಕೆ ತಾನು ಆ ಹಳದಿ ಚೂರನ್ನು ಹತ್ತಿಯ ಮೇಲಿಟ್ಟು ಮುಂದೆ ಹಿಡಿಯಿತು.

"ಸಿಕ್ತು ಅಜ್ಜಿ."

ಬೋರಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿದಳು. "ಆಯಮ್ಮನೂ ಹಿಂಗೇ ತೋರಿಸ್ತಿದ್ಲು. ಆಕೆದು ಮೋಸ ಅಂತ ನೀವು ಹೇಳಿದ್ದು ಚಲೋ ಆತು. ನಿಮ್ದಾದ್ರೆ ಕಣ್ಣಿಗೆ ಕಂಡಿದ್ದು."

ಕಾಂಚನಾ ಹಲ್ಲನ್ನು ಮತ್ತೆ ತುಂಬಿದಳು. ಶಕೀಲರು ತುಂಬಿದಷ್ಟು ಚೆನ್ನಾಗಿ ಬರಲಿಲ್ಲ. ಕುರ್ಚಿಯಿಂದ ಇಳಿದ ಬೋರಕ್ಕ ಆ ಹತ್ತಿಯನ್ನು ಮಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅಷ್ಟರಲ್ಲಿ ಎದುರಿನ ಕ್ಲಿನಿಕ್ಕಿನ ಷಟರ್ ಮೇಲೆದ್ದ ಸದ್ದು ಕೇಳಿತು.

"ಸಾಬ್ರು ಬಂದ್ರು. ಇದನ್ನ ಅವರ ಕಣ್ಣಿಗೇ ಹಿಡೀತೀನಿ," ಎಂದು ಬಾಗಿಲವರೆಗೆ ಹೋದ ಬೋರಕ್ಕ ತಿರುಗಿ ನಿಂತಳು. "ನೋಡಿದ್ರೆ ಅವರಿಗೆ ಗೊತ್ತಾಗ್ತೈತಲ್ಲವ್ವ, ಇದು ಏನಂತ?"

"ಗೊತ್ತಾಗ್ತದೆ ಅಜ್ಜಿ," ಎಂದಳು ಕಾಂಚನಾ, ಮಾಸ್ಕ್ ತೆಗೆಯದೆ.