ಕರಪತ್ರದ ಗುಂಪು

"ಇಲ್ಲೊಂದು ಸಹಿ ಹಾಕ್ಬಿಡಿ ತಾಯಿ, ಅಷ್ಟೇ ಕೆಲಸ," ಎಂದು ಪ್ರೊಫೆಸರು ಕಾಗದವನ್ನು ಮೇಜಿನ ಮೇಲೆ ಸರಿಸಿದರು. ಓಣಿಯವರೆಲ್ಲ ಟೈಲರಕ್ಕ ಎಂದು ಕರೆಯುವ ಆಕೆ, ತೊಡೆಯ ಮೇಲಿದ್ದ ಮಗಳನ್ನು ಹತ್ತಿರಕ್ಕೆಳೆದುಕೊಂಡು ಓದಿದಳು. 'ನನ್ನ ಮಗುವನ್ನು ಸ್ವಂತ ಇಚ್ಛೆಯಿಂದ ಈ ಅಧ್ಯಯನದಿಂದ ಹಿಂದಕ್ಕೆ ಪಡೆಯುತ್ತಿದ್ದೇನೆ' ಎಂದು ಅಚ್ಚಾಗಿತ್ತು. ಅದರ ಕೆಳಗೆ 'ಕಾರಣ' ಎಂದು ಬರೆದು ಎರಡು ಗೆರೆ ಖಾಲಿ ಬಿಟ್ಟಿದ್ದರು.

ಮೂರು ವರ್ಷವಾಗುತ್ತ ಬಂದರೂ ಮಾತು ಬಾರದ ಮಕ್ಕಳ ಬಗ್ಗೆ ವಿಶ್ವವಿದ್ಯಾಲಯ ನಡೆಸುತ್ತಿದ್ದ ಅಧ್ಯಯನ ಅದು. ಚೀಟಿ ಎತ್ತಿ ಮಕ್ಕಳನ್ನು ಎರಡು ಗುಂಪು ಮಾಡಿದ್ದರು. ಮೊದಲ ಗುಂಪಿನ ಮನೆಗಳಿಗೆ ವಾರಕ್ಕೊಮ್ಮೆ ಒಬ್ಬ ತರಬೇತುದಾರೆ ಹೋಗಿ, ಮಗುವಿನ ಬಾಯಿಂದ ಮಾತು ತೆಗೆಸುವ ಬಗೆಯನ್ನು ತಾಯಿಗೆ ಕಲಿಸುತ್ತಿದ್ದಳು. ಎರಡನೆಯ ಗುಂಪಿಗೆ ಬರೀ ಒಂದು ಕರಪತ್ರ. ಕೊನೆಯ ಪರೀಕ್ಷೆ ಮುಗಿದ ಮೇಲೆ ಅವರಿಗೂ ಆರು ತಿಂಗಳ ತರಬೇತಿ ಎಂಬ ಭರವಸೆ. ಟೈಲರಕ್ಕನಿಗೆ ಕರಪತ್ರ ಬಂತು. ಎದುರು ಬಾಗಿಲಿನ ಮನೆಗೆ ತರಬೇತುದಾರೆ ಬಂದಳು.

ಹಣೆಬರಹ ಎಂದು ಕೈಕಟ್ಟಿ ಕೂರುವವಳಲ್ಲ ಟೈಲರಕ್ಕ. ತರಬೇತುದಾರೆ ಬರುವ ಪ್ರತಿ ಮಂಗಳವಾರ, ಗುಂಡಿ ಹಚ್ಚಬೇಕಾದ ಅಂಗಿಗಳನ್ನು ಮಡಿಲಲ್ಲಿ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತು, ಎದುರು ಮನೆಯ ತೆರೆದ ಬಾಗಿಲಿಗೆ ಕಿವಿಗೊಟ್ಟಳು. ಮಗು ಏನನ್ನು ನೋಡುತ್ತದೋ ಅದರ ಹೆಸರು ಹೇಳು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸು, ನೀನೇ ಉತ್ತರ ಕೊಡಬೇಡ. ಕೇಳಿಸಿಕೊಂಡದ್ದನ್ನೆಲ್ಲ ಮನೆಯಲ್ಲಿ ಚಾಚೂ ತಪ್ಪದೆ ಮಾಡಿದಳು. ಐದನೆಯ ವಾರ ಮಗಳು ಹೊಲಿಗೆ ಯಂತ್ರದತ್ತ ಬೆರಳು ಮಾಡಿ "ದಾಲ" ಅಂದಳು. ದಾರವೇ ಅದು. ಆ ದಿನ ಯಾರದೋ ಅಂಗಿಯ ತೋಳು ತಿರುವುಮುರುವಾಗಿ ಹೊಲಿಗೆಯಾಯಿತು.

ಸಿಕ್ಕಿಬಿದ್ದದ್ದು ಇವತ್ತು, ಕೊನೆಯ ಪರೀಕ್ಷೆಯ ನಡುವೆ. ಪರೀಕ್ಷಕಿ ಚೆಂಡು ಹಿಡಿದು "ಏನಿದು?" ಎಂದಾಗ, ತಾಯಿಯ ಬೆರಳುಗಳು ಅಭ್ಯಾಸಬಲದಿಂದ ಮೊಣಕಾಲಿನ ಮೇಲೆ ಒಂದು, ಎರಡು, ಮೂರು ಎಂದು ತಟ್ಟತೊಡಗಿದವು. ಗಾಜಿನಾಚೆ ಗುಂಪುಗಳ ಪಟ್ಟಿ ಹಿಡಿದು ಕೂತಿದ್ದ ಸಹಾಯಕಿ ಹುಬ್ಬೇರಿಸಿದಳು. ಕರಪತ್ರದವಳಿಗೆ ಈ ಎಣಿಕೆ ಹೇಗೆ ಗೊತ್ತು? ಹೊರಗೆ ಕರೆದು ಕೇಳಿದಾಗ ಟೈಲರಕ್ಕ ಏನನ್ನೂ ಮುಚ್ಚಿಡಲಿಲ್ಲ. ಸ್ವಲ್ಪ ಜಂಬದಿಂದಲೇ ಹೇಳಿದಳು. ಪರೀಕ್ಷೆ ಅಲ್ಲಿಗೇ ನಿಂತಿತು.

ಪ್ರೊಫೆಸರು ಕೆಟ್ಟವರಲ್ಲ. ಸಮಾಧಾನದಿಂದ ಬಿಡಿಸಿ ಹೇಳಿದರು. ತರಬೇತಿ ಸಿಗದ ಮಗುವೇ ಇಷ್ಟು ಮಾತಾಡಿದರೆ ಎರಡು ಗುಂಪಿನ ವ್ಯತ್ಯಾಸ ಎದ್ದು ಕಾಣುವುದಿಲ್ಲ, ನಾಲ್ಕು ವರ್ಷದ ದುಡಿಮೆ ನೀರಿನಲ್ಲಿ ಹೋಮ. ತಾವಾಗಿಯೇ ಬಿಟ್ಟುಹೋದರು ಎಂದಾದರೆ ಯಾರಿಗೂ ತೊಂದರೆಯಿಲ್ಲ.

"ಬಿಟ್ಟು ಹೋದ್ರೆ ಆ ಆರು ತಿಂಗಳ ತರಬೇತಿ?"

"ಅದು ಅಧ್ಯಯನ ಮುಗಿಸಿದವರಿಗೆ ಮಾತ್ರ."

"ಅಂದ್ರೆ ಪೆದ್ದಿ ಥರ ಸುಮ್ಮನೆ ಕೂತಿದ್ರೆ ಸಿಗ್ತಿತ್ತು."

ಪ್ರೊಫೆಸರು ಕನ್ನಡಕ ತೆಗೆದು ಒರೆಸಿದರು. ಮಗಳು ಮೇಜಿನ ಮೇಲಿನ ಗಡಿಯಾರಕ್ಕೆ ಕೈ ಚಾಚಿ ಅದಕ್ಕೆ ಏನೋ ಹೇಳುತ್ತಿದ್ದಳು.

"ಯಾವಾಗ ಬೇಕಾದ್ರೂ ಬಿಡೋ ಹಕ್ಕು ನಿಮ್ದು ಅಂತ ಸೇರುವಾಗ ನೀವೇ ಓದಿ ಹೇಳಿದ್ರಿ ಸರ್," ಎಂದಳು ಟೈಲರಕ್ಕ. "ನಂದು ಅಂದ್ಮೇಲೆ ಬಿಡದೇ ಇರೋದೂ ನಂದೇ. ಎದುರುಮನೆ ಮಾತಿಗೆ ಕಿವಿ ಕೊಡಬಾರದು ಅಂತ ನಾನು ಸಹಿ ಹಾಕಿದ್ದರಲ್ಲಿ ಎಲ್ಲಿದೆ, ತೋರಿಸಿ."

ಸಹಾಯಕಿ ಕಡತ ತೆರೆದು ಹಾಳೆ ಹಾಳೆ ತಿರುವಿದಳು. "ಇಲ್ಲ ಸರ್," ಎಂದಳು ಮೆಲ್ಲಗೆ. ಚೀಟಿಯಲ್ಲಿ ಮಗು ಯಾವ ಗುಂಪಿಗೆ ಬಂತೋ, ಏನೇ ಆದರೂ ಅದನ್ನು ಆ ಗುಂಪಿನಲ್ಲೇ ಎಣಿಸಬೇಕೆಂದು ತಾವೇ ತರಗತಿಯಲ್ಲಿ ಪಾಠ ಮಾಡಿದ್ದಿರಲ್ಲ ಎಂದೂ ಸೇರಿಸಿದಳು. ಪ್ರೊಫೆಸರು ಅವಳತ್ತ ನೋಡಿದ ನೋಟಕ್ಕೆ ಕಡತ ಮುಚ್ಚಿಕೊಂಡಿತು.

ಟೈಲರಕ್ಕ ಪೆನ್ನು ಎತ್ತಿಕೊಂಡಳು. ಪ್ರೊಫೆಸರು ಉಸಿರು ಬಿಟ್ಟರು. ಆಕೆ 'ಕಾರಣ'ದ ಗೆರೆಯ ಮೇಲೆ, ಅವಸರವಿಲ್ಲದೆ, ಒಂದೊಂದೇ ಅಕ್ಷರ ಕೂಡಿಸಿ ಬರೆದಳು: 'ಮಗು ಮಾತು ಕಲಿಯಿತು.' ಸಹಿಯ ಜಾಗವನ್ನು ಹಾಗೇ ಬಿಟ್ಟು, ಕಾಗದವನ್ನು ಅವರತ್ತ ತಿರುಗಿಸಿ, ಮೇಲೆ ಪೆನ್ನಿಟ್ಟಳು.

"ಕಾರಣ ನಾನು ಬರೆದಿದ್ದೀನಿ ಸರ್. ತೆಗೀತಿರೋರು ನೀವು, ಸಹಿ ನೀವು ಹಾಕಿ."