ಮದುಮಗನ ಮದರಂಗಿ

ಲೈಂಗಿಕ ಸೋಂಕಿದ್ದವರ ಅಂಗೈಯಲ್ಲಿ ಮದರಂಗಿ ನೀಲಿಯಾಗುತ್ತಿದ್ದ ಕಾಲವದು. ನೀಲಿ ಬಂದರೆ ಔಷಧಿ ಮುಗಿಯುವ ತನಕ ಲಗ್ನ ಮುಂದಕ್ಕೆ ಹೋಗುತ್ತಿತ್ತು. ವಾಸಿಯಾಗದ ಸೋಂಕಾದರೆ ಬಾಸಿಂಗದ ಜೊತೆಗೇ ಕಾಂಡೋಮಿನ ಪೊಟ್ಟಣ ಬರುತ್ತಿತ್ತು.

ಮದುಮಗನ ಕೈಗೆ ಹಚ್ಚುವುದು ಮದುಮಗಳ ಅಕ್ಕನ ಹಕ್ಕು. ಶಾಂಭವಿ ಬಟ್ಟಲು ಹಿಡಿದು ಕೂತರೆ, ಬಸಲಿಂಗ ಆಗಲೇ ಕೆಂಪಾಗಿದ್ದ ಅಂಗೈ ಚಾಚಿದ.

"ಮನ್ಯಾಗ ಹಚ್ಕೊಂಡು ಬಂದೀನ್ರೀ ಅಕ್ಕಾರ."

"ಮದುಮಗಗ ಎಷ್ಟ್ ಅವಸರಪಾ!" ಎಂದು ನಗುತ್ತ ಅವಳು ಅವನ ಕೈಗೆ ನೀರು ಹೊಯ್ದಳು. ಕೆಂಪು ಕರಗಿ ಹರಿಯಿತು. ಅಡಿಯಲ್ಲಿ ನೀಲಿಯಿತ್ತು.

ಶಾಂಭವಿ ಒಳಗೋಡಿದಳು. "ಲಗ್ನ ಮುಂದ ಹಾಕವ್ವಾ. ತಂಗಿಗೂ ಹತ್ತತೈತಿ."

ಅವ್ವ ಬಾಗಿಲು ಮುಚ್ಚಿ, ಕೆಂಪು ಬಣ್ಣದ ಡಬ್ಬಿಯೊಂದನ್ನು ಅವಳ ಕೈಗಿಟ್ಟಳು.

"ಮಂದಿ ಕೂಡ್ಯಾರ. ಹೋಗಿ ಮತ್ತ ಬಳಿ. ನಿನ್ನ ಗಂಡನ ಕೈಗೆ ನಾನ ಬಳದಿದ್ದೆ."